ತಮ್ಮನ ಗಾಡಿಯ ಕಾಯಿಲೆ

ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು ಅವಳ ಕಸುಬು. ಫ್ಯಾನು, ನೀರಿನ ಪಂಪು, ಹಿಟ್ಟಿನ ಗಿರಣಿಯ ಮೋಟಾರು, ಏನೇ ಸುಟ್ಟು ಕರಕಲಾಗಲಿ, ಜನ ಅವಳ ಅಂಗಡಿಗೇ ಹೊತ್ತು ತರುತ್ತಿದ್ದರು. ಆ ತಂತಿಯ ಸುರುಳಿಗೆ ಕಾಯಿಲ್ ಎನ್ನುವುದರಿಂದ ದೊಡ್ಡವರು ಅವಳನ್ನು ಕಾಯಿಲ್ ಅಕ್ಕ ಎನ್ನುತ್ತಿದ್ದರು, ನಾಲಗೆ ತಿರುಗದ ಮಕ್ಕಳು ಕಾಯಿಲೆ ಅಕ್ಕ ಎನ್ನುತ್ತಿದ್ದವು. ಅವಳು ಬೇಸರ ಮಾಡಿಕೊಂಡವಳಲ್ಲ. "ತಪ್ಪೇನಿದೆ? ಕಾಯಿಲೆ ಬಂದದ್ದನ್ನೇ ತಾನೇ ನನ್ನ ಹತ್ರ ತರೋದು" ಎಂದು ನಗುತ್ತಿದ್ದಳು.

ಅಂಗಡಿಯೆಂದರೆ ಬೀದಿಗೆ ಬಾಯ್ದೆರೆದ ಒಂದು ಉದ್ದನೆಯ ಕೋಣೆ. ಗೋಡೆಯ ಮೊಳೆಗಳಲ್ಲಿ ತಾಮ್ರದ ಸುರುಳಿಗಳು ನೇತಾಡುತ್ತಿದ್ದವು. ಮೇಜಿನ ತುದಿಯಲ್ಲಿ ತಂದೆಯ ಕಾಲದ ಸುತ್ತುವ ಯಂತ್ರ, ಅದಕ್ಕೊಂದು ಕೈಹಿಡಿ, ಎಷ್ಟು ಸುತ್ತಾಯಿತೆಂದು ತೋರಿಸುವ ಮೂರಂಕಿಯ ಚಕ್ರ. ಕೋಣೆಯ ತುಂಬ ವಾರ್ನಿಶಿನ ವಾಸನೆ. ಅವಳ ಸೀರೆಗೂ ಕೂದಲಿಗೂ ಅದೇ. ಮೇಲೆ ಎರಡು ಕೋಣೆಗಳಲ್ಲಿ ಅವಳೂ ಎಂಬತ್ತು ದಾಟಿದ ತಾಯಿಯೂ ಇದ್ದರು. ಅಂಗಡಿಯ ಹಿಂದೆ ಪುಟ್ಟ ಅಂಗಳ, ಅಂಗಳದ ಕೊನೆಗೆ ತಗಡಿನ ಕೊಟ್ಟಿಗೆ. ಕೊಟ್ಟಿಗೆಯ ಮೂಲೆಯಲ್ಲಿ ಹಳೆಯ ಜಮಖಾನೆ ಹೊದ್ದು, ಗೋಡೆಗೆ ಒರಗಿ, ಮೂವತ್ತೊಂದು ವರ್ಷದಿಂದ ತಮ್ಮನ ಮೋಟಾರ್ ಸೈಕಲ್ ನಿಂತಿತ್ತು.

ಅವಳಿಗೆ ಒಂದು ಪೀಡೆಯಿತ್ತು. ಪಂಪು ರಿಪೇರಿಗೆ ಹೋಗಿ ಪರಿಚಯವಾದ ನನಗೆ, ಬಹಳ ತಡವಾಗಿ, ಹೇಳುವವರೆಗೆ ಯಾರಿಗೂ ಹೇಳಿಕೊಂಡಿರಲಿಲ್ಲ. ಮೆಟ್ಟಿಲಿಳಿಯುವಾಗ, ಚರಂಡಿ ದಾಟುವಾಗ, ಕೊನೆಯ ಹೆಜ್ಜೆ ನೆಲ ಮುಟ್ಟುವ ಹೊತ್ತಿಗೆ, ಕಿವಿಯ ಹಿಂದೆಯೇ ಯಾರೋ ಕೂಗಿದಂತಾಗುತ್ತಿತ್ತು: "ಕಾಲು ಊರ್ಬೇಡ!" ಸತ್ತ ತಮ್ಮನ ದನಿಯಾಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದಳು. ಅದು ಅವಳದೇ ದನಿ, ಇಪ್ಪತ್ತನಾಲ್ಕರ ಹರೆಯದ, ಹಟದ, ಜೋರು ದನಿ. ಒಮ್ಮೆ ಬಸ್ಸಿನಿಂದ ಇಳಿಯುವಾಗ ಒಂದು ಕಾಲನ್ನು ಗಾಳಿಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟಿದ್ದಳು. ಹಿಂದೆ ಜನ ಒತ್ತುತ್ತಿದ್ದರು. "ಇಳೀರಮ್ಮಾ, ನೆಲ ಇಲ್ಲೇ ಇದೆ, ಎಲ್ಲೂ ಓಡಿಹೋಗಿಲ್ಲ" ಎಂದು ಕಂಡಕ್ಟರ್ ರೇಗಿದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಅಂದಿನಿಂದ ಬಸ್ಸು ಹತ್ತುವುದನ್ನು ಕಡಿಮೆ ಮಾಡಿದಳು.

ತಮ್ಮ ಆಡುತ್ತಿದ್ದ ಆಟದ ಹೆಸರು ಟ್ರಯಲ್ಸ್. ಮೋಟಾರ್ ಸೈಕಲ್ ಆಟವೆಂದರೆ ಜನ ವೇಗ ಎಂದುಕೊಳ್ಳುತ್ತಾರೆ. ಇದರಲ್ಲಿ ವೇಗಕ್ಕೆ ಕವಡೆ ಕಿಮ್ಮತ್ತಿಲ್ಲ. ಬಂಡೆ, ಕೆಸರು, ಮರದ ಬೇರು, ಕಡಿದಾದ ಏರು, ಇವುಗಳ ಮೇಲೆ ಆಮೆಯ ಹಾಗೆ ಗಾಡಿ ಹತ್ತಿಸಬೇಕು, ಕಾಲು ಮಾತ್ರ ನೆಲಕ್ಕೆ ತಾಗಬಾರದು. ಒಂದು ಸಲ ಕಾಲು ಊರಿದರೆ ಒಂದು ತಪ್ಪು. ಕಡಿಮೆ ತಪ್ಪು ಮಾಡಿದವನು ಗೆದ್ದ. ಅದಕ್ಕೆಂದೇ ಮಾಡಿದ ಗಾಡಿ ಅದು: ಬಡಕಲು ಮೈ, ಅಗಲ ಹ್ಯಾಂಡಲ್ಲು, ಕೂರಲು ಹೆಸರಿಗೊಂದು ಸೀಟು, ಬಂಡೆಗೆ ತಾಗದಂತೆ ಮೇಲಕ್ಕೆ ಎತ್ತಿ ಕಟ್ಟಿದ ಹೊಗೆ ಕೊಳವೆ. ತಮ್ಮ ಅದನ್ನು ಯಾರದೋ ಗೋದಾಮಿನಲ್ಲಿ ತುಕ್ಕು ತಿನ್ನುತ್ತಿದ್ದಾಗ ಬೇಡಿ ತಂದಿದ್ದ. ಎಂಜಿನ್ನು ಅವನು ಬಿಚ್ಚಿ ಕೂಡಿಸಿದ, ಕಿಡಿಯ ಕೆಲಸವೆಲ್ಲ ಅಕ್ಕನದು. ಊರಾಚೆ ಪಾಳುಬಿದ್ದ ಕಲ್ಲುಗಣಿಯಲ್ಲಿ ಪ್ರತಿ ಭಾನುವಾರ ಅಭ್ಯಾಸ. ಅವನು ಹತ್ತುವುದು, ಇವಳು ಕೆಳಗೆ ನಿಂತು ತಪ್ಪು ಎಣಿಸುವುದು. ನಡುನಡುವೆ ಇವಳೂ ಹತ್ತುತ್ತಿದ್ದಳು, ನಿಜ ಹೇಳಬೇಕೆಂದರೆ ಅವನಿಗಿಂತ ಚೆನ್ನಾಗಿಯೇ. ಅದು ಮನೆಯಲ್ಲಿ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಅವರಿಬ್ಬರೂ ನಂಬಿದ್ದರು.

ಜೊತೆಗೆ ಇನ್ನೊಬ್ಬ ಬರುತ್ತಿದ್ದ. ಪಕ್ಕದ ಬೀದಿಯ ಗಡಿಯಾರ ರಿಪೇರಿಯವನ ಮಗ, ತಮ್ಮನ ಜೀವದ ಗೆಳೆಯ. ಮುಂದೆ ಅವನೇ ಅಂಗಡಿಯ ಯಜಮಾನನಾದ. ಎಲ್ಲರ ಬಾಯಲ್ಲೂ ಅವನು ಗಡಿಯಾರದವನು.

ಗಣಿಯಲ್ಲಿ ಆಳೆತ್ತರದ ಒಂದು ಬಂಡೆಯಿತ್ತು, ನಡುವೆ ಮೆಟ್ಟಿಲಿನಂಥ ಚಾಚು. ತಮ್ಮ ಆ ಚಾಚಿನವರೆಗೆ ಹೋಗಿ, ಅಲ್ಲಿ ತಪ್ಪದೆ ಒಂದು ಕಾಲು ಊರುತ್ತಿದ್ದ. ಪಂದ್ಯ ಹತ್ತಿರ ಬಂದಿತ್ತು. ಅಕ್ಕನಿಗೆ ಅದೊಂದು ತಪ್ಪನ್ನು ಬಿಡಿಸಲೇಬೇಕೆಂಬ ಹಟ. ಆ ಬೆಳಿಗ್ಗೆ ಅವನು ಮೂರನೆಯ ಸಲ ಹತ್ತಿದ. ಚಾಚಿನ ಮೇಲೆ ಗಾಡಿ ನಿಂತಿತು. ಅವನು ಕ್ಲಚ್ಚು ಹಿಡಿದು, ಎರಡೂ ಕಾಲು ಮೇಲಿಟ್ಟುಕೊಂಡೇ, ಹಗ್ಗದ ಮೇಲಿನವನಂತೆ ತೂಗುತ್ತಿದ್ದ. ಎಂಜಿನ್ನು ಇನ್ನೇನು ಆರಿಹೋಗುತ್ತದೆ ಎನ್ನುವಂತೆ ಬಿಕ್ಕುತ್ತಿತ್ತು. ಎಡಗಾಲು ಪೆಡಲಿನಿಂದ ಎದ್ದದ್ದು ಅವಳಿಗೆ ಕಂಡಿತು. "ಕಾಲು ಊರ್ಬೇಡ!" ಎಂದು ಕೂಗಿದಳು. ಕಾಲು ವಾಪಸ್ಸು ಹೋಯಿತು. ಅವನು ಥ್ರಾಟಲ್ ತಿರುಗಿಸಿ ಕ್ಲಚ್ಚು ಬಿಟ್ಟ. ಮರುಕ್ಷಣ ಗಾಡಿಯೂ ಅವನೂ ಒಟ್ಟಿಗೆ ಹಿಮ್ಮುಖವಾಗಿ ಕೆಳಗೆ ಬಂದರು. ಕೆಳಗೆ ಕಲ್ಲಿತ್ತು. ಅವನು ಎರಡು ದಿನ ಕಣ್ಣು ಬಿಡಲಿಲ್ಲ, ಮೂರನೆಯ ದಿನ ಉಸಿರು ನಿಂತಿತು. ಇಪ್ಪತ್ತೊಂದು ವರ್ಷ.

ಬಂಡೆಯ ಮೇಲುತುದಿಯಲ್ಲಿ ನಿಂತಿದ್ದ ಗಡಿಯಾರದವನು ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದ: "ಬಿದ್ದದ್ದಲ್ಲ. ಗಾಡೀನೇ ಹಿಂದಕ್ಕೆ ಬಂತು. ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ." ಯಾರೂ ನಂಬಲಿಲ್ಲ. ಗಾಡಿಗೆ ರಿವರ್ಸ್ ಗೇರೇ ಇಲ್ಲ ಎಂದರು. ಹೆದರಿ ತಲೆ ಕೆಟ್ಟಿದೆ ಎಂದರು. ಗಡಿಯಾರದ ಮುಳ್ಳು ಹಿಂದಕ್ಕೆ ತಿರುಗಿಸುವವನಿಗೆ ಎಲ್ಲವೂ ಹಿಂದಕ್ಕೇ ಕಾಣುತ್ತದೆ ಎಂದು ನಕ್ಕವರೂ ಇದ್ದರು. ಅವನು ಆ ಮೇಲೆ ಬಾಯಿ ಮುಚ್ಚಿಕೊಂಡ. ಅಕ್ಕ ಅವನ ಮುಖ ನೋಡುವುದನ್ನೇ ಬಿಟ್ಟಳು. ತನ್ನ ಕೂಗನ್ನು ಕೇಳಿಸಿಕೊಂಡವನು ಭೂಮಿಯ ಮೇಲೆ ಅವನೊಬ್ಬನೇ. ಅವನ ಅಂಗಡಿ ನೂರು ಹೆಜ್ಜೆಯೂ ಇಲ್ಲ. ಮೂವತ್ತೊಂದು ವರ್ಷ ಅವಳು ಆ ಬೀದಿಯನ್ನು ಬಿಟ್ಟು ಸುತ್ತು ಹಾಕಿಕೊಂಡೇ ಓಡಾಡಿದಳು.

ಹೀಗಿರುವಾಗ ಹಿಂದಿನ ಓಣಿಯ ಚರಂಡಿ ಅಗಲ ಮಾಡುತ್ತೇವೆಂದು ಪುರಸಭೆಯವರು ಬಂದು ಕೊಟ್ಟಿಗೆಯ ಗೋಡೆಗೆ ಕೆಂಪು ಬಣ್ಣದಲ್ಲಿ ಗೀಟು ಎಳೆದು ಹೋದರು. ಕೊಟ್ಟಿಗೆ ಖಾಲಿಯಾಗಬೇಕಿತ್ತು. ಗುಜರಿಯವನು ತಳ್ಳುಗಾಡಿ ತಂದ. ಒಡೆದ ಫ್ಯಾನಿನ ರೆಕ್ಕೆ, ಮೋಟಾರಿನ ಚಿಪ್ಪು, ಮುರಿದ ಮಂಚ, ಎಲ್ಲವನ್ನೂ ಹೊತ್ತು ಹಾಕಿದ ಮೇಲೆ ಮೂಲೆಗೆ ಹೋಗಿ ಜಮಖಾನೆಯನ್ನು ಎಳೆದ.

"ಇದೂ ಹೋಗೋದೇ ತಾನೆ, ಅಕ್ಕಾ?"

"ಅದರ ಮೇಲೆ ಕೈ ಹಾಕ್ಬೇಡ!"

ದನಿ ಎಷ್ಟು ಜೋರಾಯಿತೆಂದರೆ ಗುಜರಿಯವನು ಬಿಸಿ ತಾಗಿದಂತೆ ಕೈ ತೆಗೆದ. ಮಹಡಿಯ ಕಿಟಕಿಯಲ್ಲಿ ತಾಯಿಯ ಮುಖ ಕಾಣಿಸಿತು. ಮುದುಕಿಗೆ ಮಂಡಿ ಹೋಗಿತ್ತೇ ಹೊರತು ಕಿವಿ ಚುರುಕಾಗಿತ್ತು, ನಾಲಗೆ ಅದಕ್ಕಿಂತ ಚುರುಕು.

"ಕೊಡೋದಾದ್ರೆ ಕೊಟ್ಟು ಕೈ ತೊಳ್ಕೋ. ಇಟ್ಕೊಳ್ಳೋದಾದ್ರೆ ಓಡೋ ಹಾಗೆ ಇಟ್ಕೋ. ಹೆಣಕ್ಕೆ ಹೊದಿಸಿದ ಹಾಗೆ ಹೊದಿಸಿ ಇಟ್ಟಿದ್ದು ಸಾಕು. ನಾನು ಇಷ್ಟು ವರ್ಷ ಬಾಯಿ ಬಿಡ್ಲಿಲ್ಲ, ಇವತ್ತು ಹೇಳ್ತಿದೀನಿ."

ಗುಜರಿಯವನು ಇಬ್ಬರ ಮುಖವನ್ನೂ ನೋಡಿ, ತೆಪ್ಪಗೆ ತನ್ನ ತಳ್ಳುಗಾಡಿ ತಳ್ಳಿಕೊಂಡು ಹೋದ.

ಅಕ್ಕ ಗಾಡಿಯನ್ನು ಅಂಗಳಕ್ಕೆ ಎಳೆದಳು. ಎಳೆದಳು ಎನ್ನುವುದೇ ಸರಿ, ಚಕ್ರಗಳು ತಿರುಗುತ್ತಿರಲಿಲ್ಲ. ಬಿಸಿಲಿಗೆ ಬಂದಾಗ ಅದು ಅವಳ ನೆನಪಿಗಿಂತ ಚಿಕ್ಕದಾಗಿ ಕಂಡಿತು. ಟೈರುಗಳು ಒಣಗಿದ ಹಪ್ಪಳದಂತೆ ಬಿರುಕುಬಿಟ್ಟಿದ್ದವು. ಹೊಗೆ ಕೊಳವೆಯೊಳಗೆ ಕಣಜದ ಮಣ್ಣುಗೂಡು. ಹಿಂದಿನ ಮಡ್‌ಗಾರ್ಡು ಬಿದ್ದ ಏಟಿಗೆ ಒಳಕ್ಕೆ ಮಡಚಿಕೊಂಡಿತ್ತು. ಅಲ್ಲಿ ಕಲ್ಲಿನ ಬಿಳಿ ಪುಡಿ ಇನ್ನೂ ಅಂಟಿಕೊಂಡಿತ್ತು. ಅದನ್ನು ಒರೆಸಲು ಬಟ್ಟೆ ತೆಗೆದುಕೊಂಡಳು, ಕೈ ಮುಂದೆ ಹೋಗಲಿಲ್ಲ. ಅಷ್ಟನ್ನು ಬಿಟ್ಟು ಉಳಿದದ್ದನ್ನೆಲ್ಲ ಒರೆಸಿದಳು.

ಅಂಗಡಿಯ ಕೆಲಸ ಮುಗಿದ ಮೇಲೆ ದಿನಾ ಮಧ್ಯಾಹ್ನ ಎರಡು ತಾಸು ಅದಕ್ಕೆ. ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಪ್ಲಗ್ಗಿನ ತೂತಿನಲ್ಲಿ ಸೀಮೆಎಣ್ಣೆ, ಎಂಜಿನ್ ಆಯಿಲ್ ಬೆರೆಸಿ ಸುರಿದು ಒಂದು ವಾರ ಬಿಟ್ಟಳು. ದಿನವೂ ಮರದ ತುಂಡಿಟ್ಟು ಮೆಲ್ಲಗೆ ತಟ್ಟುವುದು, ಜಪ್ಪಯ್ಯ ಎಂದರೂ ಅಲುಗದು. ಎಂಟನೆಯ ದಿನ ಯಾರೋ ನಿಟ್ಟುಸಿರು ಬಿಟ್ಟಂಥ ಸದ್ದು ಮಾಡಿ ಎಳ್ಳಿನಷ್ಟು ಕೆಳಗಿಳಿಯಿತು. ಪೆಟ್ರೋಲ್ ಟ್ಯಾಂಕಿಗೆ ಹಿಡಿ ನಟ್ಟುಗಳನ್ನು ಹಾಕಿ ತುಕ್ಕು ಬಿಡುವ ತನಕ ಕುಲುಕಿದಳು. ಕಾರ್ಬುರೇಟರಿನಲ್ಲಿ ಹಳೆಯ ಪೆಟ್ರೋಲು ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ಬಿಸಿನೀರಿನಲ್ಲಿ ನೆನೆಸಿ, ಸೂಜಿಯಿಂದ ಒಂದೊಂದೇ ರಂಧ್ರ ಬಿಡಿಸಿದಳು. ಕ್ಲಚ್ಚಿನ ಬಿಲ್ಲೆಗಳು ಒಂದಕ್ಕೊಂದು ಅಂಟಿದ್ದವು, ಬಿಡಿಸಿದಳು. ಚಕ್ರಗಳಿಗೆ ಎಣ್ಣೆ ಬಿಟ್ಟು ಬೇರೆ ಟೈರು ಹಾಕಿಸಿದಳು.

ಕೆಲಸ ಕಷ್ಟದ್ದೇನಲ್ಲ. ಕಷ್ಟವೆಂದರೆ ಎಲ್ಲಿ ಕೈಯಿಟ್ಟರೂ ಅಲ್ಲಿ ಅವನಿದ್ದ. ಹ್ಯಾಂಡಲ್ಲಿನ ರಬ್ಬರಿನಲ್ಲಿ ಅವನ ಹೆಬ್ಬೆರಳು ಒತ್ತಿ ಒತ್ತಿ ಆದ ತಗ್ಗು, ತನ್ನ ಹೆಬ್ಬೆರಳಿಟ್ಟರೆ ಅದರಲ್ಲಿ ಸಡಿಲವಾಗಿ ಕೂರುತ್ತಿತ್ತು. ಬ್ರೇಕಿನ ತಂತಿಗೆ ಎಡಚನಾದ ಅವನು ಹಾಕಿದ ಎಡಗೈ ಗಂಟು. ಏರ್ ಫಿಲ್ಟರಿನ ಡಬ್ಬಿಯ ಮುಚ್ಚಳದೊಳಗೆ ಪೆನ್ಸಿಲ್ಲಿನಲ್ಲಿ ತಪ್ಪುಗಳ ಲೆಕ್ಕ: ಒಂದು, ಒಂದು, ಸೊನ್ನೆ, ಒಂದು. ಆ ಸೊನ್ನೆ ಯಾವ ದಿನದ್ದೋ ಅವಳಿಗೆ ನೆನಪಾಗಲಿಲ್ಲ, ತಾನು ಎಣಿಸಿದ್ದಂತೂ ಅಲ್ಲ. ಸುಳ್ಳು ಬರೆದುಕೊಂಡಿದ್ದಾನೆ ಕಳ್ಳ ಎಂದು ನಕ್ಕಳು. ನಗುವುದರೊಳಗೆ ಬೆನ್ನ ಹಿಂದೆ ಯಾರೋ ನಿಂತಂತಾಗಿ ತಿರುಗಿ ನೋಡಿದಳು. ಅಂಗಳದಲ್ಲಿ ಯಾರೂ ಇರಲಿಲ್ಲ. ತಂತಿಯ ಮೇಲೆ ತಾಯಿಯ ಸೀರೆ ಒಣಗುತ್ತಿತ್ತು.

ಕೊನೆಗೆ ಕಿಡಿಯ ಭಾಗ ಬಿಚ್ಚಿದಳು. ಎಂಜಿನ್ನಿನ ಪಕ್ಕೆಯಲ್ಲಿ, ತಿರುಗುವ ಚಕ್ರದ ಹಿಂದೆ, ಒಂದು ದುಂಡನೆಯ ತಟ್ಟೆ. ಅದರ ಮೇಲೆ ಕಾಯಿಲ್ಲು, ಕಿಡಿ ಯಾವಾಗ ಹಾರಬೇಕೆಂದು ನಿರ್ಧರಿಸುವ ಪಾಯಿಂಟುಗಳು. ತಟ್ಟೆಯನ್ನು ಕೂದಲೆಳೆಯಷ್ಟು ಆ ಕಡೆ ತಿರುಗಿಸಿದರೆ ಕಿಡಿ ಬೇಗ, ಈ ಕಡೆ ತಿರುಗಿಸಿದರೆ ತಡ. ತಟ್ಟೆ ಎಲ್ಲಿ ನಿಲ್ಲಬೇಕೆಂದು ಉಳಿಯಿಂದ ಅವಳೇ ಗುರುತು ಕಚ್ಚಿದ್ದಳು, ತಟ್ಟೆಗೊಂದು ಗೀರು, ಚಿಪ್ಪಿಗೊಂದು ಗೀರು. ಈಗ ನೋಡಿದರೆ ಎರಡು ಗೀರುಗಳೂ ಒಂದರ ಮುಂದೊಂದು ಇರಲಿಲ್ಲ. ತಟ್ಟೆ ಅಕ್ಕಿಕಾಳಿನಷ್ಟು ಸರಿದಿತ್ತು. ಬಿದ್ದ ಏಟಿಗೋ ಏನೋ ಎಂದುಕೊಂಡಳು. ಸರಿಮಾಡಲು ಹೋದವಳು ನಿಲ್ಲಿಸಿದಳು. ಅವನ ಕೊನೆಯ ದಿನ ಹೇಗಿತ್ತೋ ಹಾಗೇ ಇರಲಿ, ಒಂದೇ ಒಂದು ಸಲ ಹಾಗೇ ಸ್ಟಾರ್ಟ್ ಆಗಲಿ ಎಂಬ ಆಸೆ. ತಟ್ಟೆ ಈಗಿರುವ ಜಾಗಕ್ಕೆ ಸೂಜಿಮೊನೆಯಿಂದ ಹೊಸ ಗುರುತು ಮಾಡಿ ಹೊರಗೆ ತೆಗೆದಳು.

ಕಾಯಿಲ್ಲು ಸತ್ತಿತ್ತು. ಅದನ್ನು ಸುತ್ತುವುದು ಅವಳದೇ ಕಸುಬು. ಕೂದಲಿಗಿಂತ ಸಣ್ಣ ತಂತಿ, ಸಾವಿರಾರು ಸುತ್ತು. ಉಸಿರು ಜೋರಾಗಿ ಬಿಟ್ಟರೂ ತುಂಡಾಗುತ್ತದೆ. ನಾಲ್ಕು ಮಧ್ಯಾಹ್ನ ಸುತ್ತಿದಳು. ಪಾಯಿಂಟುಗಳು ಮಾತ್ರ ಅವಳ ಕೈಗೆ ಬಗ್ಗಲಿಲ್ಲ. ಮುಖಗಳು ಗುಳಿಬಿದ್ದಿದ್ದವು, ಹೊಸವು ಎಲ್ಲೂ ಸಿಗುವ ಹಾಗಿರಲಿಲ್ಲ. ಅಷ್ಟು ನಾಜೂಕಾಗಿ ಉಜ್ಜಿ ಸಮ ಮಾಡುವವನು ಸುತ್ತಮುತ್ತ ಒಬ್ಬನೇ ಇದ್ದ. ಎರಡು ದಿನ ಮೀನಮೇಷ ಎಣಿಸಿದಳು. ಮೂರನೆಯ ದಿನ ಪಾಯಿಂಟುಗಳನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡು ಆ ಬೀದಿಗೆ ಕಾಲಿಟ್ಟಳು.

ಗಡಿಯಾರದವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದ. ತಲೆ ಪೂರ್ತಿ ಬೋಳಾಗಿತ್ತು. ಅವಳು ಗಂಟು ಬಿಚ್ಚಿ ಮುಂದಿಟ್ಟಳು. ಅವನು ಮುಖ ಎತ್ತಲಿಲ್ಲ. ವಸ್ತುವನ್ನು ನೋಡಿಯೇ ಬಂದವರು ಯಾರೆಂದು ತಿಳಿದುಕೊಂಡ.

"ಆ ಗಾಡೀದು" ಎಂದ.

"ಹೂಂ."

"ನಾಳೆ ಬಾ" ಎಂದವನು ತಡೆದು, "ಬೇಡ. ನಾನೇ ತರ್ತೀನಿ" ಎಂದ.

ಮರುದಿನ ಭಾನುವಾರ. ಅವನು ಪಾಯಿಂಟುಗಳನ್ನು ಹತ್ತಿಯಲ್ಲಿ ಸುತ್ತಿ ತಂದ. ಇಬ್ಬರೂ ಕೂತು ಕೂಡಿಸಿದರು. ತಟ್ಟೆಯನ್ನು ಅಕ್ಕ ತನ್ನ ಸೂಜಿಗುರುತಿಗೇ ಬಿಗಿದಳು. ಹನ್ನೊಂದರ ಹೊತ್ತಿಗೆ ಪೆಟ್ರೋಲು ಹಾಕಿ, ಅಕ್ಕ ಸೆರಗು ಬಿಗಿದು ಗಾಡಿ ಹತ್ತಿದಳು. ಮುಂದೆ ಅಂಗಡಿಯ ಹಿಂಬಾಗಿಲು, ಹಿಂದೆ ಖಾಲಿ ಕೊಟ್ಟಿಗೆ. ಏಳೆಂಟು ಸಲ ಒದ್ದಳು. ಏನೂ ಇಲ್ಲ. ಒಂಬತ್ತನೆಯದಕ್ಕೆ ಕಿಕ್ಕು ಎದುರು ಒದ್ದು ಅವಳ ಮೊಣಕಾಲಿನ ಕೆಳಗೆ ಬಡಿಯಿತು. ಕಣ್ಣಲ್ಲಿ ನೀರು ಬಂತು. ಅದೇ ಕ್ಷಣ ಎಂಜಿನ್ನು ಹಿಡಿದುಕೊಂಡಿತು.

ನೀಲಿ ಹೊಗೆ ಅಂಗಳ ತುಂಬಿತು. ಸದ್ದು ಸ್ವಲ್ಪ ಒರಟಾಗಿತ್ತು, ಕೆಮ್ಮಿದಂತೆ, ಆದರೂ ಅದೇ ಸದ್ದು. ಗಡಿಯಾರದವನು ಅವಳ ಮುಂದೆ ನಿಂತು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಿದ್ದ. ಅಕ್ಕ ಕ್ಲಚ್ಚು ಹಿಡಿದು ಒಂದನೇ ಗೇರಿಗೆ ಹಾಕಿದಳು. ಮುಂದಕ್ಕೆ ನಾಲ್ಕು ಅಡಿ ಹೋದರೆ ಸಾಕು. ಮೆಲ್ಲನೆ ಕ್ಲಚ್ಚು ಬಿಟ್ಟಳು.

ಗಾಡಿ ಹಿಂದಕ್ಕೆ ಹೋಯಿತು.

ಯಾರೋ ಹಿಂದಿನಿಂದ ಎರಡು ಕೈ ಹಾಕಿ ಹಿಡಿದು ಎಳೆದ ಹಾಗೆ, ಅವಳನ್ನು ಹೊತ್ತುಕೊಂಡೇ ಹಿಮ್ಮುಖವಾಗಿ ಓಡಿ, ಕೊಟ್ಟಿಗೆಯ ತಗಡಿಗೆ ಧಡ್ ಎಂದು ಬಡಿದು ನಿಂತಿತು. ಎಂಜಿನ್ನು ಆರಿತು. ಅಕ್ಕ ಬೀಳಲಿಲ್ಲ. ಹ್ಯಾಂಡಲ್ಲು ಹಿಡಿದುಕೊಂಡೇ ಕೂತಿದ್ದಳು.

"ಇದೇ" ಎಂದ ಗಡಿಯಾರದವನು. "ಇದನ್ನೇ ನಾನು ನೋಡಿದ್ದು. ಇದನ್ನೇ ಹೇಳಿದ್ದು. ಒಬ್ಬರಾದ್ರೂ ನಂಬಿದ್ರಾ? ನೀನಾದ್ರೂ?"

ಅವಳ ಕಣ್ಣು ಎಂಜಿನ್ನಿನ ಪಕ್ಕೆಯ ಆ ದುಂಡು ಮುಚ್ಚಳದ ಮೇಲೆ ನೆಟ್ಟಿತ್ತು. ಇಂಥ ಎಂಜಿನ್ನನ್ನು ಒದ್ದು ಎಬ್ಬಿಸುವಾಗ, ಇಲ್ಲವೇ ಅದು ಆರಿಹೋಗುವಷ್ಟು ನಿಧಾನವಾದಾಗ, ಕಿಡಿ ತೀರ ಬೇಗ ಹಾರಿದರೆ ಪಿಸ್ಟನ್ನು ಮೇಲೆ ತಲುಪುವ ಮೊದಲೇ ಹೊಡೆತ ಬೀಳುತ್ತದೆ, ಎಂಜಿನ್ನು ಎದುರು ದಿಕ್ಕಿಗೆ ತಿರುಗಿ ಹಾಗೆಯೇ ಓಡತೊಡಗುತ್ತದೆ. ಆಗ ಮುಂದಿನ ಗೇರೇ ಹಿಂದಿನ ಗೇರು. ಅದು ಅವಳಿಗೆ ಅಂದೂ ಗೊತ್ತಿತ್ತು. ಆ ಬೆಳಿಗ್ಗೆ ತಮ್ಮ ಬಂದು, "ಬಂಡೆ ಹತ್ತೋಕೆ ಜೋರು ಸಾಲ್ತಿಲ್ಲ, ಕಿಡಿ ಒಂಚೂರು ಬೇಗ ಮಾಡಿಕೊಡು" ಎಂದು ಗೋಗರೆದಿದ್ದ. "ಆಗಲ್ಲ, ಹಿಂದಕ್ಕೆ ಒದೆಯುತ್ತೆ" ಎಂದು ಅವಳು ಖಡಾಖಂಡಿತ ಹೇಳಿದ್ದಳು. ತನ್ನ ಗುರುತಿಗೇ ಬಿಗಿದು ಕೊಟ್ಟಿದ್ದಳು.

"ಆ ದಿನ ಗಣಿಯಲ್ಲಿ ಅವನು ಈ ಮುಚ್ಚಳ ಬಿಚ್ಚಿದ್ನಾ?" ಎಂದು ಕೇಳಿದಳು.

ಗಡಿಯಾರದವನು ಅಲ್ಲೇ ಬಕೆಟ್ಟು ಮಗುಚಿ ಅದರ ಮೇಲೆ ಕೂತ. ಹೇಳಿದ: "ನೀನು ನೀರು ತರೋಕೆ ಹೋಗಿದ್ದೆ. ನನ್ನ ಹತ್ರ ಸಣ್ಣ ಸ್ಕ್ರೂಡ್ರೈವರ್ ಕೇಳ್ದ. ಕೊಟ್ಟೆ. ಏನು ಮಾಡ್ತಿದಾನೆ ಅಂತ ನೋಡ್ಲಿಲ್ಲ. ವಾಪಸ್ ಕೊಡುವಾಗ, ಅಕ್ಕಂಗೆ ಹೇಳ್ಬೇಡ, ಬೈತಾಳೆ ಅಂದ. ಹೇಳ್ಲಿಲ್ಲ. ಆ ಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ. ಅದರಿಂದ ಏನಾಯ್ತೋ ಅಂತಾನೂ ಗೊತ್ತಿರ್ಲಿಲ್ಲ ನಂಗೆ. ಕೊಟ್ಟವನು ನಾನು ಅನ್ನೋದೊಂದೇ ಗೊತ್ತಿದ್ದದ್ದು."

"ನನ್ನ ಕೂಗು ಕೇಳಿಸಿತ್ತಾ ನಿಂಗೆ?"

"ಯಾವ ಕೂಗು?"

ಅವಳು ಅವನನ್ನೇ ನೋಡಿದಳು. ಅವನು ಸುಳ್ಳು ಹೇಳುತ್ತಿರಲಿಲ್ಲ. ಎಂಜಿನ್ನಿನ ಸದ್ದಿನಲ್ಲಿ ಮೇಲಿದ್ದವನಿಗೆ ಏನೂ ಕೇಳಿಸಿರಲಿಲ್ಲ. ಮೂವತ್ತೊಂದು ವರ್ಷ ಅವಳು ಸುತ್ತು ಹಾಕಿದ್ದು ಸುಮ್ಮನೆ. ಅವಳಿಗೆ ನಗು ಬಂತೋ ಅಳು ಬಂತೋ, ಅವಳೇ ನನಗೆ ಹೇಳುವಾಗ ಸರಿಯಾಗಿ ಹೇಳಲಾರದೆ ಹೋದಳು.

ಅಂದು ಊಟದ ಹೊತ್ತಿಗೆ ತಾಯಿಯ ಮುಂದೆ ಕೂತವಳು ತುತ್ತು ಎತ್ತಲಿಲ್ಲ. ಮುದುಕಿ ಅನ್ನ ಕಲೆಸುತ್ತಲೇ, "ಹಿಂದಕ್ಕೆ ಹೋಯ್ತು. ನೋಡ್ದೆ ಕಿಟಕೀಲಿ" ಎಂದಳು.

"ಅಮ್ಮ, ಅವನು ಕಾಲು ಊರೋದಕ್ಕೆ ಹೋಗಿದ್ದ. ಊರ್ಬೇಡ ಅಂತ ಕೂಗಿದವಳು ನಾನು. ಊರಿದ್ರೆ ಅಲ್ಲೇ ನಿಲ್ತಿದ್ದ. ಬದುಕ್ತಿದ್ದ."

ತಾಯಿ ಕೈ ನಿಲ್ಲಿಸಿದಳು. ಮಗಳ ಮುಖವನ್ನು ದಿಟ್ಟಿಸಿ ನೋಡಿದಳು.

"ಅವನು ಯಾವತ್ತು ಕಣೇ ನಿನ್ನ ಮಾತು ಕೇಳಿದ್ದ?"

ಅಷ್ಟೇ ಹೇಳಿದ್ದು. ಆಮೇಲೆ, "ಗಣಿಯಲ್ಲಿ ನೀನೂ ಹತ್ತಿಸ್ತಿದ್ದೆ, ಗೊತ್ತು ನಂಗೆ. ಹಾಲಿನವಳು ಹೇಳ್ತಿದ್ಳು. ಅವನಿಗಿಂತ ನೀನೇ ಪರವಾಗಿಲ್ಲ ಅಂತಿದ್ಳು" ಎಂದು ಸೇರಿಸಿ, "ಊಟ ಮಾಡು, ತಣ್ಣಗಾಗ್ತಿದೆ" ಎಂದು ತನ್ನ ತಟ್ಟೆಯ ಕಡೆ ತಿರುಗಿದಳು. ಆದರೆ ಅವಳೂ ಆ ಮೇಲೆ ಹೆಚ್ಚು ಉಣ್ಣಲಿಲ್ಲ.

ಆ ಮಾತಿನಿಂದ ಅಕ್ಕನಿಗೆ ಸಮಾಧಾನವಾಯಿತೇ? ನಾನು ಕೇಳಿದೆ. ನಿಜ, ಅವನು ಯಾವತ್ತೂ ಅವಳ ಮಾತು ಕಿವಿ ಮೇಲೆ ಹಾಕಿಕೊಂಡವನಲ್ಲ. ಕಿಡಿಯ ತಟ್ಟೆ ತಿರುಗಿಸಬೇಡ ಎಂದರೆ ತಿರುಗಿಸಿದ. "ಆದ್ರೆ ಕಾಲು ವಾಪಸ್ ಹೋಗಿದ್ದನ್ನ ನಾನು ಕಣ್ಣಾರೆ ನೋಡಿದೀನಲ್ಲ" ಎಂದಳು ಅವಳು. "ಹುಟ್ಟಿದಾಗಿನಿಂದ ಒಂದು ಮಾತು ಕೇಳಿದವನಲ್ಲ. ಅದೊಂದು ಕೇಳ್ಬಿಟ್ನೇನೋ." ದನಿ ಈಗಲೂ ಕೇಳಿಸುತ್ತದಂತೆ. ವ್ಯತ್ಯಾಸವೆಂದರೆ, ಮೊದಲು ದನಿ ಒಂದೇ ಬರುತ್ತಿತ್ತು. ಈಗ ಅದರ ಹಿಂದೆಯೇ ತಾಯಿಯ ಪ್ರಶ್ನೆಯೂ ಬರುತ್ತದೆ. ಎರಡೂ ಜಗಳವಾಡಿಕೊಳ್ಳುವಷ್ಟರಲ್ಲಿ ಅವಳು ಮೆಟ್ಟಿಲು ಇಳಿದಿರುತ್ತಾಳೆ.

ಮರುವಾರ ಅವಳು ತಟ್ಟೆಯನ್ನು ತನ್ನ ಹಳೆಯ ಗುರುತಿಗೆ ತಿರುಗಿಸಿ ಬಿಗಿದಳು. ಎಂಜಿನ್ನು ಮೂರನೆಯ ಒದೆತಕ್ಕೇ ಎದ್ದು, ಮಳೆಹನಿ ತಗಡಿಗೆ ಬಿದ್ದಂತೆ ಟಪಟಪನೆ ಓಡಿತು. ಗಾಡಿ ಮುಂದಕ್ಕೆ ಹೋಯಿತು. ಗಡಿಯಾರದವನು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿ, ತಟ್ಟಿದ್ದಕ್ಕೆ ತಾನೇ ನಾಚಿಕೊಂಡ.

ಕೊಟ್ಟಿಗೆ ಕೆಡವುವ ಮುಂಚಿನ ಭಾನುವಾರ ಅವಳು ಗಾಡಿಯನ್ನು ಗಣಿಗೆ ಒಯ್ದಳು. ಗಡಿಯಾರದವನು ಸೈಕಲ್ಲಿನಲ್ಲಿ ಹಿಂದೆ ಬಂದ. ದಾರಿಯುದ್ದಕ್ಕೂ ಅವಳಿಗೆ ಹ್ಯಾಂಡಲ್ಲಿನ ಮೇಲೆ ತನ್ನ ಕೈಯ ಕೆಳಗೆ ಇನ್ನೊಂದು ಕೈ ಇರುವಂತೆ ಭಾಸವಾಗುತ್ತಿತ್ತು. ತಿರುವಿನಲ್ಲಿ ಅವಳು ಬಗ್ಗುವ ಮುನ್ನವೇ ಗಾಡಿ ಬಗ್ಗುತ್ತಿತ್ತು. ಬಂಡೆಯನ್ನು ಕಂಡಾಗ ಏನಾಗುತ್ತದೋ ಅವಳಿಗೇ ಗೊತ್ತಿರಲಿಲ್ಲ. ಹತ್ತುತ್ತೇನೆಂದೂ ಅಂದುಕೊಂಡಿರಲಿಲ್ಲ, ಹತ್ತುವುದಿಲ್ಲವೆಂದೂ ಅಂದುಕೊಂಡಿರಲಿಲ್ಲ.

ಗಣಿಯ ಬಾಯಲ್ಲಿ ಯಾರೋ ಗುಡಿಸಲು ಹಾಕಿಕೊಂಡಿದ್ದರು. ಒಲೆಯ ಹೊಗೆ ಏಳುತ್ತಿತ್ತು. ಬಂಡೆ ಅಲ್ಲೇ ಇತ್ತು, ಚಾಚೂ ಇತ್ತು. ಅದರ ಮೇಲೆ ಉದ್ದಕ್ಕೆ ಒಂದು ಹಳದಿ ಹೊದಿಕೆ, ಎರಡು ಲಂಗ, ಅಂಗೈಯಗಲದ ಏಳೆಂಟು ಅಂಗಿಗಳನ್ನು ಒಣಹಾಕಿ, ಹಾರದಂತೆ ಕಲ್ಲಿಟ್ಟಿದ್ದರು. ಅಕ್ಕ ಗಾಡಿ ನಿಲ್ಲಿಸಿ, ಎಂಜಿನ್ನು ಓಡುತ್ತಿರುವಂತೆಯೇ ನೋಡುತ್ತ ಕೂತಳು.

ಗುಡಿಸಲಿನಿಂದ ಒಬ್ಬ ಹೆಂಗಸು ಒದ್ದೆ ಕೈ ಒರೆಸಿಕೊಳ್ಳುತ್ತ ಓಡಿಬಂದಳು.

"ಏನಮ್ಮಾ ಬೇಕಿತ್ತು?"

"ಏನಿಲ್ಲ. ಈ ಬಂಡೆ ನೋಡೋಣ ಅಂತ ಬಂದೆ."

ಹೆಂಗಸು ಬಂಡೆಯನ್ನೊಮ್ಮೆ, ಇವಳನ್ನೊಮ್ಮೆ ನೋಡಿದಳು. "ನೋಡಿ, ಎಷ್ಟು ಬೇಕಾದ್ರೂ ನೋಡಿ. ಆ ಸದ್ದೊಂದು ನಿಲ್ಲಿಸಿಬಿಡಿ. ಮಗು ರಾತ್ರಿಯೆಲ್ಲ ಅತ್ತು ಈಗ ಕಣ್ಣು ಮುಚ್ಚಿದೆ."

ಅಕ್ಕ ತಕ್ಷಣ ಎಂಜಿನ್ನು ಆರಿಸಿದಳು. ಗಣಿಯೊಳಗೆ ಸದ್ದಿಲ್ಲದಂತಾಯಿತು, ಎಲ್ಲೋ ಒಂದು ಕಲ್ಲು ಉರುಳಿತು. ಮೂವರೂ ಗುಡಿಸಲಿನ ಕಡೆ ಕಿವಿಗೊಟ್ಟು ನಿಂತರು. ಮಗು ಏಳಲಿಲ್ಲ. ಅಕ್ಕ ಇಳಿದು ಗಾಡಿಯನ್ನು ತಿರುಗಿಸಿಕೊಂಡಳು. ಗಡಿಯಾರದವನು ಸೈಕಲ್ಲನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಅವಳ ಗಾಡಿಯನ್ನು ತಳ್ಳತೊಡಗಿದ. ಚಕ್ರಗಳ ಕೆಳಗೆ ಜಲ್ಲಿ ಕರಕರ ಎನ್ನದ ಹಾಗೆ, ದಾರಿಯ ಪಕ್ಕದ ಹುಲ್ಲಿನ ಮೇಲೆಯೇ ತಳ್ಳಿಕೊಂಡು, ಇಬ್ಬರೂ ರಸ್ತೆಯವರೆಗೆ ನಡೆದರು.